ತೂಕ ನಿಲ್ಲುವ ತನಕ

ತಾಮ್ರದ ನೈಟ್ರೇಟು, ಎರಡು ಗ್ರಾಂ
ಮತ್ತು ನಾನೂರ ಹದಿನಾರು ಮಿಲಿಗ್ರಾಂ.
ತಕ್ಕಡಿಯ ಗಾಜಿನ ಬಾಗಿಲು ಹಾಕಿ
ಉಸಿರು ಹಿಡಿದು ಮೂರು ಸಲ ಓದಿದೆ.
ಮನೆಯಲ್ಲಿ ದಖನಿ, ವಹಿಯಲ್ಲಿ ಇಂಗ್ಲಿಷು,
ಎಣಿಸುವಾಗ ಮಾತ್ರ ಕನ್ನಡ ನನಗೆ.

ಮೊದಲ ಪರೀಕ್ಷೆಗೆ ಬೇರೆ ಚಿಟಿಕೆ.
ಕರಗುತ್ತದೆಯೋ, ಒಡೆಯುತ್ತದೆಯೋ?
ಗರಿಕೆಗಿಂತ ತೆಳ್ಳಗಿನ ಗಾಜಿನ ನಳಿಗೆಗೆ ತುಂಬಿ
ಥರ್ಮಾಮೀಟರಿಗೆ ದಾರ ಸುತ್ತಿ
ಎಣ್ಣೆಯೊಳಗೆ ಇಳಿಬಿಟ್ಟೆ.
ನೂರಾ ಹತ್ತು. ಏನಿಲ್ಲ.
ನೂರಾ ಹದಿಮೂರು. ಹರಳಿನ ಅಂಚು ಬೆವರಿತು.
ನೂರಾ ಹದಿನಾಲ್ಕಕ್ಕೆ ಕುಸಿದು ಕೂತಿತು
ತನ್ನದೇ ಮೈಯ ನೀರಲ್ಲಿ.
ಹೊರಗಿನಿಂದ ಒಂದು ಹನಿಯೂ ನಾನು ಹಾಕಿರಲಿಲ್ಲ.

"ಇದು ಬರೇ ಕರಗಿದ್ದಲ್ಲ," ಅಂದರು ಹಂಜಗಿ ಮೇಡಂ,
"ಒಳಗ ಬಚ್ಚಿಟ್ಟಿದ್ದ ನೀರು ಬಿಟ್ಟುಕೊಟ್ಟದ್ದು. ಎರಡೂ ಬರಿ."
ಖಾನೆ ಸಣ್ಣದು. ಎರಡನೆಯದು ಅಂಚಿನಾಚೆ ಹೋಯಿತು.

ತೂಗಿಟ್ಟದ್ದು ಮೂಸೆಗೆ.
ಈ ಶಬ್ದ ಪಾಠದಲ್ಲಿ ಸಿಕ್ಕ ದಿನ ನಕ್ಕಿದ್ದೆ.
ಜೋರಾಪುರ ಪೇಟದ ನಮ್ಮ ಕಲಾಯಿ ಅಂಗಡಿಯಲ್ಲಿ
ಮುಕ್ಕಾದ ಮೂಸೆಯೊಂದು
ಬೆಕ್ಕಿಗೆ ಹಾಲು ಹಾಕಲಿಕ್ಕಿದೆ.

ಬರ್ನರ್ ಹಚ್ಚಿದೆ.
ನೀಲಿ ಕುದಿಯಿತು, ಹಸಿರಿಗೆ ಹೊರಳಿತು,
ಆಮೇಲೆ ಕೆಂಗಂದು ಹೊಗೆ —
"ಕಿಟಕಿ ತಗೀರಿ!" ಅಂದಿತು ಹಿಂದಿನ ಸಾಲು, ಕೆಮ್ಮುತ್ತ.
ಮೂಸೆಯ ತಳದಲ್ಲಿ ಕಾಡಿಗೆಯಂಥ ಕರಿ.
ಆರಿಸಿ ತೂಗು. ಮತ್ತೆ ಕಾಸು. ಆರಿಸಿ ತೂಗು.
ಎಂಟುನೂರ ಹನ್ನೆರಡು.
ಏಳುನೂರ ತೊಂಬತ್ತೊಂಬತ್ತು.
ಏಳುನೂರ ತೊಂಬತ್ತೈದು.
ಏಳುನೂರ ತೊಂಬತ್ತೈದು.
ನಿಂತಿತು.
ಮೇಡಂ ಕೆಂಪು ಶಾಯಿಯಲ್ಲಿ ಸಹಿ ಹಾಕಿದರು,
ಉಳಿಕೆಯನ್ನು ಬಕೆಟ್ಟಿಗೆ ಎಂದರು.
ಬಸ್ಸಿನ ಟಿಕೀಟಿನಲ್ಲಿ ಸುತ್ತಿ
ಕಂಪಾಸಿನ ಡಬ್ಬಿಗೆ ಹಾಕಿಕೊಂಡೆ.

ಅಬ್ಬಾ ದಿನವೂ ತವರ ಕರಗಿಸುತ್ತಾನೆ.
ಈಗ ಬರುವುದು ದರ್ಗಾದ ದೇಗು, ಬಿರಿಯಾನಿ ಹೋಟೆಲಿನ ಹಂಡೆ,
ಅಷ್ಟೇ.
ಎಷ್ಟು ಡಿಗ್ರಿಗೆ ಕರಗುತ್ತದೆ ಹೇಳು ಎಂದರೆ
"ನವಸಾಗರದ ಹೊಗಿ ಏಳೂ ಹೊತ್ತಿಗೆ" ಅನ್ನುತ್ತಾನೆ.
ಇನ್ನೂರ ಮೂವತ್ತೆರಡು ಅಂದೆ.
"ತವರ ಕರಗಾಕ ಅಷ್ಟ್ಯಾಕ?
ಮಗಳು ಹೊಂಟ ನಿಂತ್ರ ಸಾಕು."
ತನ್ನ ಮಾತಿಗೆ ತಾನೇ ನಕ್ಕ.

ಟಿಕೀಟು ಬಿಚ್ಚಿದೆ.
"ತಾಮ್ರ ಸುಟ್ಟು ಇದಾತೇನು?
ಮಾರ್ಕು?"
ಇಪ್ಪತ್ತಕ್ಕೆ ಹದಿನೇಳು.
"ಮೂರು ಎಲ್ಲಿ ಹೋದ್ವು?"

ಉತ್ತರಕ್ಕೆ ಕಾಯಲಿಲ್ಲ.
ಇದ್ದಿಲು ಪುಡಿ ಮಾಡಿ, ಕರಿಯಲ್ಲಿ ಕರಿ ಕಲಸಿ,
ಬೆಕ್ಕಿನ ಮೂಸೆ ತೊಳೆದು ಒರೆಸಿ ಒಲೆಗೆ ಹೂತ.
ಗಾಳಿಯಂತ್ರ ನನ್ನ ಕೈಗೆ.
"ಕೆಂಡ ಕುಸುಬಿ ಹೂವಿನ ಬಣ್ಣಕ್ಕ ಬರೋ ತನಾ ತಿರುವು."
ತಿರುವಿದೆ. ತೋಳು ಸೋತಿತು, ಕೈ ಬದಲಿಸಿದೆ.
ಆತ ನೋಡುತ್ತಿದ್ದುದು ಬೆಂಕಿಯನ್ನು,
ನಾನು ನೋಡುತ್ತಿದ್ದುದು ಆತನ ಹುಬ್ಬು:
ಅದು ಸಡಿಲಾದಾಗ ಸಾಕು ಎಂದರ್ಥ.

ಆರಿದ ಮೇಲೆ ನೀರಿನ ತಟ್ಟೆಗೆ ಸುರಿದ.
ಇದ್ದಿಲು ತೇಲಿತು.
ಊದಿ ಊದಿ ಬದಿಗೆ ಸರಿಸಿ, ಬುಡದಲ್ಲಿ ಬೆರಳಾಡಿಸಿ
ಉಗುರಿನ ಮೇಲೆ ಎತ್ತಿ ತೋರಿಸಿದ,
ಕೆಂಪು, ಸಾಸಿವೆಗಿಂತ ಸಣ್ಣದು,
ಒಂದು, ಎರಡು, ಮತ್ತೊಂದು ಇದ್ದಂತೆ ಇತ್ತು.

ಉಳಿದ ತಾಮ್ರ ಬೂದಿಯಲ್ಲೋ ಗಾಳಿಯಲ್ಲೋ
ಹೇಳಲಾರೆ. ತಕ್ಕಡಿ ಕಾಲೇಜಿನಲ್ಲಿದೆ,
ಕೋಣೆಗೆ ಬೀಗ.
"ಇದನ್ನೂ ಬರಿ," ಅಂದ ಅಬ್ಬಾ.
ಸಹಿಯ ಕೆಳಗೆ ಖಾನೆಯೇ ಇಲ್ಲ ಎಂದು ಹೇಳಲಿಲ್ಲ ನಾನು.
ಪೆನ್ಸಿಲ್ ಹುಡುಕುತ್ತಿದ್ದೆ.

ಬೆಕ್ಕು ಬಂದು ಮೂಸೆ ಮೂಸಿತು.
ಇನ್ನೂ ಬಿಸಿ.
ಒಂದು ಹೆಜ್ಜೆ ಹಿಂದೆ ಸರಿದು
ಬಾಲ ಸುತ್ತಿಕೊಂಡು ಕೂತಿತು.